ಕಂಪ್ಯೂಟರ್ ಗಡಿಯಾರ, ಖಾತೆ ನಂಬರ್, ಚೀಟಿ ಕಂಬಿ: ಸಾಗರದ ಮಂಡಿ ಆಫೀಸಿನಲ್ಲಿ ಒಂದು ಮಳೆಗಾಲದ ರಿಪೇರಿ

ಸಾಗರದ ಒಂದು ಅಡಿಕೆ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹನ್ನೊಂದು ವರ್ಷ ಆಯಿತು. ಆಫೀಸಿನಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ದೊಡ್ಡ ಗುಮಾಸ್ತರು, ನಾನು, ಓಡಾಟಕ್ಕೆ ಒಬ್ಬ ಹುಡುಗ. ಮಳೆಗಾಲದಲ್ಲಿ ಅಡಿಕೆ ಬರುವುದು ಕಡಿಮೆ, ಮುಂಗಡ ಕೇಳಿಕೊಂಡು ಬರುವವರು ಜಾಸ್ತಿ. ಈ ಸಲ ಆ ಬಿಡುವಿನಲ್ಲಿ ಆಫೀಸಿನ ಕಿರಿಕಿರಿಗಳನ್ನೆಲ್ಲ ಒಂದೊಂದಾಗಿ ಸರಿ ಮಾಡಲು ಕೂತೆ. ಏನು ಮಾಡಿದೆ, ಎಲ್ಲಿ ತಪ್ಪಿದೆ, ಎಷ್ಟು ಖರ್ಚಾಯಿತು ಅಂತ ಆಗಾಗ ಬರೆದಿಟ್ಟುಕೊಂಡಿದ್ದು ಇದು.

ಜೂನ್ 16, 2025, ಸೋಮವಾರ

ಮಧ್ಯಾಹ್ನ ಮೂರಕ್ಕೆ ತುಮರಿ ಕಡೆಯ ಅಜ್ಜ ಒಬ್ಬರು ಬಂದರು. ಎರಡು ಚೀಲ ರಾಶಿ ಅಡಿಕೆ ಮಾರಿದ ದುಡ್ಡು ಅವರಿಗೆ ಬರಬೇಕಿತ್ತು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಸಮಯ. ಮೈಲುತುತ್ತು ಕೊಟ್ಟ ಅಂಗಡಿಗೆ ಅವತ್ತೇ ಹಣ ಹಾಕಬೇಕು. ನನಗೆ ಐದು ನಿಮಿಷದ ಕೆಲಸ.

ಬ್ಯಾಂಕಿನ ಪುಟ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಅಂತ ಬಂತು. ನೆಟ್ ಹಾಳಾಗಿದೆ ಅಂದುಕೊಂಡು ರೂಟರ್ ಆಫ್ ಮಾಡಿ ಆನ್ ಮಾಡಿದೆ. ಬೇರೆ ಬ್ರೌಸರಿನಲ್ಲಿ ನೋಡಿದೆ. ಹಿಸ್ಟರಿ ಎಲ್ಲ ಅಳಿಸಿದೆ, ಅದರ ಜೊತೆ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳೂ ಹೋದವು. ಒಂದೂವರೆ ಗಂಟೆ ಕಳೆದ ಮೇಲೆ ಪರದೆಯ ಬಲ ಮೂಲೆಗೆ ಕಣ್ಣು ಹೋಯಿತು. ತಾರೀಕು 1-1-2015 ಅಂತ ತೋರಿಸುತ್ತಿತ್ತು. ಬೆಳಗ್ಗೆಯಿಂದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲೇ ಕೂತಿದ್ದೆ. ಟ್ಯಾಲಿ ಕೊನೆಯ ಎಂಟ್ರಿಯ ತಾರೀಕನ್ನೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಗೊತ್ತೇ ಆಗಿರಲಿಲ್ಲ.

ತಾರೀಕು ಸರಿ ಮಾಡಿದ ಮೇಲೆ ಪುಟ ತಕ್ಷಣ ತೆರೆಯಿತು. ಹಣ ಹೋಯಿತು. ಆದರೆ ಅಜ್ಜನಿಗೆ ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಕೊನೆಯ ಲಾಂಚ್ ತಪ್ಪಿತು. ಅವರು ಬೈಯಲಿಲ್ಲ. "ದನಕ್ಕೆ ಹುಲ್ಲು ಹಾಕೋರು ಯಾರೂ ಇಲ್ಲ ತಂಗೀ" ಅಂದರು, ಅಷ್ಟೇ. ಆ ರಾತ್ರಿ ಪೇಟೆಯಲ್ಲಿ ನೆಂಟರ ಮನೆಯಲ್ಲಿ ಉಳಿದರು. ನನಗೆ ಊಟ ಸೇರಲಿಲ್ಲ.

ಜೂನ್ 17ರಿಂದ 23: ಎಣಿಕೆ

ರಿಪೇರಿಗೆ ಕೈ ಹಾಕುವ ಮೊದಲು ಒಂದು ವಾರ ಸುಮ್ನೆ ಎಣಿಸಿದೆ. ಕೆಲಸ ನಿಂತಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ಗಡಿಯಾರ ಹಿಂದೆ ಹೋಗಿದ್ದು 5 ಸಲ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಿದ್ದು 14 ಸಲ. ಶಿಫ್ಟ್ ಕೀ ಐದು ಸಲ ಒತ್ತಿಹೋಗಿ ಸ್ಟಿಕಿ ಕೀಸ್ ಕಿಟಕಿ ಎದ್ದಿದ್ದು 9 ಸಲ. ರೈತರ ಹೆಸರು ಹುಡುಕಿದರೆ ಸಿಗದೆ ಹೋಗಿದ್ದು 11 ಸಲ. "ಆ ಕೆಲಸ ಏನಾಯ್ತು?" ಅಂತ ಯಾರಾದರೂ ಕೇಳಿ, ನನಗೆ ಉತ್ತರ ಗೊತ್ತಿಲ್ಲದೆ ಹುಡುಕಲು ಎದ್ದಿದ್ದು 31 ಸಲ.

ಕೊನೆಯದು ನೋಡಿ ಬೇಜಾರಾಯಿತು. ಕಂಪ್ಯೂಟರಿನ ತೊಂದರೆ ಅಂದುಕೊಂಡಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನನ್ನ ಕೆಲಸಗಳು ಎಲ್ಲೆಲ್ಲೋ ಚೆಲ್ಲಿಕೊಂಡಿದ್ದರ ತೊಂದರೆ. ಕೆಲವು ವಾಟ್ಸ್ಯಾಪಿನಲ್ಲಿ, ಕೆಲವು ಬಾಯಿಮಾತಿನಲ್ಲಿ, ಉಳಿದದ್ದು ಪಟ್ಟಿಗಳ, ಅಂದರೆ ಅಡಿಕೆ ಮಾರಿದ ಬಿಲ್ಲುಗಳ, ಹಿಂಬದಿಯಲ್ಲಿ.

ಸ್ಟಿಕಿ ಕೀಸ್ ಅವತ್ತೇ ಮುಗಿಯಿತು. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಅಂತ ಹುಡುಕಿ, ಶಾರ್ಟ್‌ಕಟ್ ಕೀಯ ಟಿಕ್ ತೆಗೆದರೆ ಆಯಿತು. ಎರಡು ನಿಮಿಷದ ಕೆಲಸಕ್ಕೆ ಇಷ್ಟು ವರ್ಷ ಕ್ಯಾನ್ಸಲ್ ಒತ್ತಿದ್ದೇನೆ.

ಜೂನ್ 24: ಗಡಿಯಾರ, ಮೊದಲ ಪ್ರಯತ್ನ

ಮದರ್‌ಬೋರ್ಡಿನಲ್ಲಿ ನಾಣ್ಯದ ಆಕಾರದ ಒಂದು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಸಿಡಿಲಿಗೆ ಹೆದರಿ ನಾವು ಸಂಜೆ ಮೇನ್ ಆಫ್ ಮಾಡಿ, ಪಿನ್ ಕಿತ್ತು ಹೋಗುತ್ತೇವೆ. ಮಲೆನಾಡಿನಲ್ಲಿ ಯಾರೇ ಆದರೂ ಹಾಗೇ ಮಾಡುವುದು. ಬೇಸಿಗೆಯಲ್ಲಿ ಪಿನ್ ಹಾಕೇ ಇರುತ್ತಿತ್ತು, ಅದಕ್ಕೇ ಸೆಲ್ ಸತ್ತಿದ್ದು ಮಳೆ ಶುರುವಾದ ಮೇಲೆ ಗೊತ್ತಾಯಿತು.

ಬಿಚ್ಚಿದ ಕ್ರಮ ಹೀಗೆ. ಪಿನ್ ಕಿತ್ತೆ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಸ್ಟಾರ್ ಸ್ಕ್ರೂಡ್ರೈವರಿನಲ್ಲಿ ಹಿಂದಿನ ಎರಡು ಸ್ಕ್ರೂ ತೆಗೆದು ಪಕ್ಕದ ತಗಡು ಎಳೆದೆ. ಒಳಗೆ ಧೂಳು ಒದ್ದೆಯಾಗಿ ಫೆಲ್ಟ್ ಬಟ್ಟೆ ಥರ ಅಂಟಿತ್ತು. ಹಳೇ ಪೇಂಟ್ ಬ್ರಷ್ಷಿನಲ್ಲಿ ತೆಗೆದೆ. ಕಬ್ಬಿಣದ ಚೌಕಟ್ಟು ಮುಟ್ಟಿಕೊಂಡು, ಸೆಲ್ ಪಕ್ಕದ ಸಣ್ಣ ಕೊಂಡಿಯನ್ನು ಉಗುರಿನಲ್ಲಿ ಸರಿಸಿದೆ. ಸೆಲ್ ತಾನೇ ಮೇಲಕ್ಕೆ ಎದ್ದಿತು. ವೈರಿಂಗ್ ಹುಡುಗನ ಮೀಟರಿನಲ್ಲಿ ಹಿಡಿದರೆ 2.1 ವೋಲ್ಟ್. ಇರಬೇಕಾದ್ದು 3.

ಅಂಗಡಿಗೆ ಹುಡುಗನನ್ನು ಕಳಿಸಿದೆ. "ಇದೇ ಥರದ್ದು" ಅಂತ ಬಾಯಲ್ಲಿ ಹೇಳಿ ಕಳಿಸಿದ್ದು ನನ್ನ ತಪ್ಪು. ಅವನು 30 ರೂಪಾಯಿಗೆ ಸಿಆರ್2025 ತಂದ. ಅಗಲ ಒಂದೇ ಕಂಡಿತು, ಕೂರಿಸಿದೆ. ತಾರೀಕು ಹಾಕಿದೆ. ಮರುದಿನ ಬೆಳಗ್ಗೆ ಸರಿ ಇತ್ತು. ಅದರ ಮರುದಿನ ಮತ್ತೆ 2015.

ಜೂನ್ 27: ಎರಡನೇ ಪ್ರಯತ್ನ

ಹಳೇ ಸೆಲ್ ಮೇಲೆ ಬರೆದಿದ್ದನ್ನು ಆಮೇಲೆ ಸರಿಯಾಗಿ ಓದಿದೆ. ಸಿಆರ್2032. ಮೊದಲ ಎರಡು ಅಂಕಿ ಅಗಲ, 20 ಮಿಲಿಮೀಟರ್. ಕೊನೆಯ ಎರಡು ದಪ್ಪ, 3.2 ಮಿಲಿಮೀಟರ್. ನಾನು ಹಾಕಿದ್ದು 2.5 ದಪ್ಪದ್ದು. ಗೂಡಿನಲ್ಲಿ ಸಡಿಲವಾಗಿ ಕೂತಿತ್ತು, ಪೆಟ್ಟಿಗೆ ಅಲುಗಾಡಿದಾಗ ಸಂಪರ್ಕ ತಪ್ಪಿತ್ತು. ಸರಿಯಾದ ಸೆಲ್ 50 ರೂಪಾಯಿ. ಪ್ಲಸ್ ಗುರುತು ಮೇಲೆ ಬರುವ ಹಾಗೆ ಹಾಕಿದೆ. ಟಕ್ ಅಂತ ಕೂತಿತು. ಕಂಪ್ಯೂಟರ್ ಶುರುವಾಗುವಾಗ ಎಫ್1 ಒತ್ತಲು ಕೇಳಿತು, ಒಳಗೆ ಹೋಗಿ ತಾರೀಕು ಮತ್ತು ಸಮಯ ಹಾಕಿ ಎಫ್10 ಒತ್ತಿ ಉಳಿಸಿದೆ. ಇದನ್ನು ಬರೆಯುವ ತನಕ ಒಂದು ಸಲವೂ ಹಿಂದೆ ಹೋಗಿಲ್ಲ.

ಸೆಲ್ ಬದಲಾಯಿಸುವವರು ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ಅದೇ ವಾರ ಹಾಳೆಯ ತೊಂದರೆಗೂ ಕೈ ಹಾಕಿದೆ. ಈ ತೇವಕ್ಕೆ ಹಾಳೆ ಮೆತ್ತಗಾಗಿ ಪ್ರಿಂಟರಿನಲ್ಲಿ ಎರಡೆರಡು ಒಟ್ಟಿಗೆ ಹೋಗುತ್ತವೆ. ಬೆಚ್ಚಗಿರಲಿ ಅಂತ ಹಾಳೆಯ ಕಟ್ಟನ್ನು ಯುಪಿಎಸ್ ಮೇಲೆ ಇಟ್ಟೆ. ಅದರ ಗಾಳಿ ತೂತುಗಳೆಲ್ಲ ಮುಚ್ಚಿದವು. ಮೂರನೇ ದಿನ ಯುಪಿಎಸ್ ಕೂಗಿಕೊಂಡು ಆಫ್ ಆಯಿತು. ಬ್ಯಾಟರಿ ಮೊದಲೇ ಸೋತಿತ್ತು, ಆ ಕಾವು ಅದನ್ನು ಮುಗಿಸಿತು. 12 ವೋಲ್ಟ್ 7 ಆಂಪಿಯರ್ ಅವರ್‌ನ ಹೊಸ ಬ್ಯಾಟರಿಗೆ 950 ರೂಪಾಯಿ ಹೋಯಿತು. ಯಜಮಾನರಿಗೆ ಇದ್ದದ್ದು ಇದ್ದ ಹಾಗೇ ಹೇಳಿದೆ. ಈಗ ಹಾಳೆಗೆ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬ, 240 ರೂಪಾಯಿ. ಟ್ರೇಯಲ್ಲಿ ಒಂದು ಸಲಕ್ಕೆ ಇಪ್ಪತ್ತೇ ಹಾಳೆ ಹಾಕುತ್ತೇನೆ. ಹಾಳೆ ಸಿಕ್ಕಿಕೊಳ್ಳುವುದು ವಾರಕ್ಕೆ ಒಂದೆರಡಕ್ಕೆ ಇಳಿದಿದೆ.

ಜುಲೈ 2: ಖಾತೆ ನಂಬರ್

ಇದು ಎಲ್ಲಕ್ಕಿಂತ ಹೆದರಿಸಿದ ತಪ್ಪು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಬ್ಬೊಬ್ಬರಿಗೇ ಹಣ ಹಾಕುವ ಬದಲು ಒಂದೇ ಪಟ್ಟಿ ಮಾಡಿ ಬ್ಯಾಂಕಿಗೆ ಕಳಿಸೋಣ ಅಂತ ಎಕ್ಸೆಲ್‌ನಲ್ಲಿ 118 ರೈತರ ಖಾತೆ ನಂಬರ್ ಟೈಪ್ ಮಾಡಿದ್ದೆ. ಉದ್ದದ ನಂಬರ್‌ಗಳು 'ಇ ಪ್ಲಸ್ 15' ಅಂತ ಚುಟುಕಾಗಿ ಕಂಡವು. ಕಾಲಮ್ ಆರಿಸಿ ಫಾರ್ಮ್ಯಾಟ್‌ನಲ್ಲಿ ನಂಬರ್ ಅಂತ ಮಾಡಿದೆ, ದಶಾಂಶ ತೆಗೆದೆ. ಎಲ್ಲ ಅಂಕಿಗಳೂ ಕಂಡವು. ಸರಿಹೋಯಿತು ಅಂದುಕೊಂಡು 20 ಜನರಿಗೆ ಕಳಿಸಿದೆ. ನಾಲ್ಕು ವಾಪಸ್ ಬಂದವು, ಅಂಥ ಖಾತೆ ಇಲ್ಲ ಅಂತ.

ಪಾಸ್‌ಬುಕ್ಕಿನ ಜೆರಾಕ್ಸ್ ಪಕ್ಕ ಇಟ್ಟು ಬೆರಳು ಹಿಡಿದು ಓದಿದೆ. ಹದಿನೈದು ಅಂಕಿ ಸರಿ. ಹದಿನಾರನೆಯದು ಸೊನ್ನೆ. ಮುಂದಿನ ಸಾಲಿನಲ್ಲೂ ಸೊನ್ನೆ. ಅದರ ಮುಂದಿನದರಲ್ಲೂ. ಎಕ್ಸೆಲ್ 15 ಅಂಕಿವರೆಗೆ ಮಾತ್ರ ಲೆಕ್ಕ ಇಡುತ್ತದೆ, ಅದರ ಆಚೆಗಿನದನ್ನು ಸೊನ್ನೆ ಮಾಡಿಬಿಡುತ್ತದೆ. ಒಂದು ಮಾತನ್ನೂ ಹೇಳುವುದಿಲ್ಲ. 16 ಅಂಕಿಯ 23 ಖಾತೆಗಳಲ್ಲಿ 2 ಮಾತ್ರ ಸರಿ ಇದ್ದವು. ಅವುಗಳ ಕೊನೆಯ ಅಂಕಿ ನಿಜವಾಗಿಯೂ ಸೊನ್ನೆ.

ಬ್ಯಾಂಕು ನೋಡುವುದು ನಂಬರನ್ನು, ಹೆಸರನ್ನಲ್ಲ. ಆ ಸೊನ್ನೆಯ ನಂಬರ್ ಬೇರೆ ಯಾರದ್ದಾದರೂ ಆಗಿದ್ದರೆ? ಆ ಯೋಚನೆಗೆ ಕೈ ತಣ್ಣಗಾಯಿತು.

ಸರಿ ಮಾಡಿದ್ದು ಹೀಗೆ. ಹೊಸ ಹಾಳೆಯಲ್ಲಿ ಮೊದಲು ಖಾಲಿ ಕಾಲಮ್ ಆರಿಸಿ ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಅಂತ ಮಾಡಿದೆ. ಆಮೇಲೆ ಟೈಪ್ ಮಾಡಿದೆ. ಈ ಕ್ರಮ ಬಹಳ ಮುಖ್ಯ. ಟೈಪ್ ಮಾಡಿದ ಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ. ಮೊದಲು ಹಾಗೇ ಮಾಡಿ ಅರ್ಧ ಗಂಟೆ ಕಳೆದೆ. 21 ನಂಬರನ್ನೂ ಪಾಸ್‌ಬುಕ್ ನೋಡಿ ಹೊಸದಾಗಿ ಹೊಡೆದೆ. ಹುಡುಗ ಗಟ್ಟಿಯಾಗಿ ಓದಿದ, ನಾನು ನಾಲ್ಕು ನಾಲ್ಕು ಅಂಕಿಯಾಗಿ ಟಿಕ್ ಹಾಕಿದೆ.

ಪಕ್ಕದ ಕಾಲಮ್ಮಿನಲ್ಲಿ ಲೆನ್ ಸೂತ್ರ ಹಾಕಿದ್ದೇನೆ, ಎಷ್ಟು ಅಂಕಿ ಇದೆ ಅಂತ ಎಣಿಸಲು. ಬ್ಯಾಂಕಿನ ಶಾಖೆ ಗುರುತಿಸುವ ಐಎಫ್‌ಎಸ್‌ಸಿ ಕೋಡಿಗೂ ಒಂದು ಪರೀಕ್ಷೆ ಇದೆ. ಅದು ಯಾವಾಗಲೂ 11 ಅಕ್ಷರ, ಐದನೆಯದು ಸೊನ್ನೆಯೇ. ಜನ ವಾಟ್ಸ್ಯಾಪಿನಲ್ಲಿ ಕಳಿಸುವಾಗ ಅಲ್ಲಿ ಇಂಗ್ಲಿಷಿನ ಓ ಹೊಡೆದಿರುತ್ತಾರೆ. ನಮ್ಮ ಪಟ್ಟಿಯಲ್ಲಿ ಅಂಥದ್ದು 7 ಸಿಕ್ಕಿದವು.

ಜುಲೈ 5: ಅದೇ ಗಾಯ ಮತ್ತೆ

ಬೆಳಗ್ಗೆ ಬಂದು ನೋಡಿದರೆ ಒಂಬತ್ತು ನಂಬರಿನಲ್ಲಿ ಮತ್ತೆ ಸೊನ್ನೆ. ದೊಡ್ಡ ಗುಮಾಸ್ತರನ್ನು ಕೇಳಿದೆ.

"ಎಂಥ ಮಾರಾಯ್ತಿ, ಮೂಲೇಲಿ ಹಸಿರು ಗುರುತು ಇತ್ತು. ತಪ್ಪು ಅಂತ ತೋರಿಸ್ತಿತ್ತು. ಅದು ಹೇಳಿದ ಹಾಗೆ ಸರಿ ಮಾಡ್ದೆ."

ಅವರ ತಪ್ಪಿಲ್ಲ. ಟೆಕ್ಸ್ಟ್ ಆಗಿ ಇಟ್ಟ ನಂಬರಿನ ಮೇಲೆ ಎಕ್ಸೆಲ್ ಹಸಿರು ತ್ರಿಕೋನ ಹಾಕಿ, ನಂಬರಾಗಿ ಬದಲಾಯಿಸು ಅಂತ ತಾನೇ ಸಲಹೆ ಕೊಡುತ್ತದೆ. ಒತ್ತಿದರೆ ಹಾಳು. ಫೈಲ್, ಆಪ್ಷನ್ಸ್, ಫಾರ್ಮುಲಾಸ್ ಒಳಗೆ ಹೋಗಿ ಟೆಕ್ಸ್ಟ್ ಆಗಿರುವ ನಂಬರಿನ ನಿಯಮದ ಟಿಕ್ ತೆಗೆದೆ. ಜೊತೆಗೆ ಆ ಹಾಳೆಗೆ ಪಾಸ್‌ವರ್ಡ್ ಹಾಕಿ ಮುಚ್ಚಿದೆ. ಗುಮಾಸ್ತರಿಗೆ ಪಾಸ್‌ಬುಕ್ ಪಕ್ಕ ಇಟ್ಟು ತೋರಿಸಿದಾಗ ಅವರೇ ನೊಂದುಕೊಂಡರು. ಒಳ್ಳೆಯದಾಗಲಿ ಅಂತ ಒತ್ತಿದ ಮನುಷ್ಯನನ್ನು ಕಂಪ್ಯೂಟರ್ ಹೀಗೆ ದಾರಿ ತಪ್ಪಿಸಬಾರದು, ಅಲ್ವಾ?

ತಾರೀಕಿನದ್ದೂ ಇದೇ ಜಾತಿಯ ತೊಂದರೆ. ಕಂಪ್ಯೂಟರಿನ ರೀಜನ್ ಅಮೆರಿಕ ಅಂತ ಇತ್ತು. ಜುಲೈ 3 ಅಂತ 3/7 ಹೊಡೆದರೆ ಅದು ಮಾರ್ಚ್ 7 ಆಗುತ್ತಿತ್ತು. ಗುರುತು ಹಿಡಿಯುವುದು ಸುಲಭ. 12ರ ಮೇಲಿನ ತಾರೀಕುಗಳು ಅದಕ್ಕೆ ಅರ್ಥವಾಗದೆ ಎಡಕ್ಕೆ ಅಂಟಿಕೊಂಡಿರುತ್ತವೆ, ತಪ್ಪಾಗಿ ಅರ್ಥ ಮಾಡಿಕೊಂಡವು ಬಲಕ್ಕೆ. ರೀಜನ್ ಅನ್ನು ಇಂಗ್ಲಿಷ್ ಇಂಡಿಯಾ ಮಾಡಿದೆ. ಹಳೇ ಎಂಟ್ರಿ ತಾನಾಗಿ ಸರಿ ಆಗುವುದಿಲ್ಲ, ಕೈಯಲ್ಲೇ ತಿದ್ದಬೇಕು.

ಜುಲೈ 7ರಿಂದ 12: ಕೆಲಸಗಳ ಪಟ್ಟಿ, ಮೂರು ಸೋಲು

ಈಗ ಆ 31 ಗೀಟಿನ ಸರದಿ.

ಒಂದು. ಫೋನಿನಲ್ಲಿ ಕೆಲಸ ಬರೆದಿಡುವ ಆ್ಯಪ್ ಈ ಮೊದಲೇ ಹಾಕಿಕೊಂಡಿದ್ದೆ. ನಾನು ಮಾತ್ರ ನೋಡಬಹುದು, ಗುಮಾಸ್ತರಿಗೆ ಕಾಣುವುದಿಲ್ಲ. ನಾನು ಊಟಕ್ಕೆ ಹೋದಾಗ ಬಂದ ಕೆಲಸ ಅದರೊಳಗೆ ಸೇರುವುದೇ ಇಲ್ಲ. ತೆರೆದು ನೋಡಿದರೆ ಮೇ ತಿಂಗಳ ಕೆಲಸಗಳು ಹಾಗೇ ಕೆಂಪಗೆ ಕೂತಿದ್ದವು.

ಎರಡು. ಎಕ್ಸೆಲ್‌ನಲ್ಲಿ 11 ಕಾಲಮ್ಮಿನ ಪಟ್ಟಿ ಮಾಡಿದೆ. ಬಣ್ಣ, ಆದ್ಯತೆ, ಶೇಕಡಾ ಎಷ್ಟು ಮುಗಿದಿದೆ, ಎಲ್ಲ ಇತ್ತು. ಮಾಡಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಒಂದು ಸಾಲು ತುಂಬಲು ಎರಡು ನಿಮಿಷ ಬೇಕು. ಎದುರಿಗೆ ನಾಲ್ಕು ಜನ ನಿಂತಿರುವಾಗ ಯಾರು ತುಂಬುತ್ತಾರೆ? ನಾಲ್ಕೇ ದಿನ ಬಾಳಿತು.

ಮೂರು. ಅಂಟು ಚೀಟಿಗಳನ್ನು ಮಾನಿಟರ್ ಸುತ್ತ ಹಚ್ಚಿದೆ. ಈ ಹವೆಗೆ ಗೋಂದು ನಿಲ್ಲುವುದಿಲ್ಲ. ಬೆಳಗ್ಗೆ ಬಂದರೆ ಅರ್ಧ ನೆಲದ ಮೇಲೆ. ಗುಡಿಸುವಾಗ ಒಂದು ಚೀಟಿ ಹೋಯಿತು, ಅದರಲ್ಲಿ ಒಬ್ಬರ ಮುಂಗಡದ ವಿಷಯ ಇತ್ತು.

ಜುಲೈ 13, ಭಾನುವಾರ: ಚೀಟಿ ಕಂಬಿ

ಕಿರಾಣಿ ಅಂಗಡಿಗಳಲ್ಲಿ ಬಿಲ್ ಚುಚ್ಚಿಡುವ ಕಂಬಿ ನೆನಪಾಯಿತು. ನನ್ನ ಅಪ್ಪನ ಅಂಗಡಿಯಲ್ಲೂ ಇತ್ತು. ಅದನ್ನೇ ಮಾಡೋಣ ಅಂತ ಮನೆಯಲ್ಲಿ ಕೂತೆ.

ಹಲಗೆಗೆ ಅಡಿಕೆ ಮರ ಸೀಳಿದ ದಬ್ಬೆ ತೆಗೆದುಕೊಂಡೆ. ಎರಡು ಅಡಿ ಉದ್ದ, ನಾಲ್ಕು ಇಂಚು ಅಗಲ. ಒಳಗಿನ ಮೆತ್ತನೆ ನಾರು ಕತ್ತಿಯಲ್ಲಿ ಕೆತ್ತಿ ತೆಗೆದೆ. ನೇರವಾಗಿ ಮೊಳೆ ಹೊಡೆದೆ, ದಬ್ಬೆ ಉದ್ದಕ್ಕೆ ಸೀಳಿತು. ಎರಡನೇ ದಬ್ಬೆಗೆ ಪಕ್ಕದ ಮನೆಯವರ ಡ್ರಿಲ್ ತಂದು 2 ಮಿಲಿಮೀಟರ್ ತೂತು ಹೊಡೆದೆ. ಸೀಳಲಿಲ್ಲ. ಕಂಬಿಗೆ ಮೊದಲು ಕಟ್ಟು ತಂತಿ ಹಾಕಿದೆ, ಹತ್ತು ಚೀಟಿಯ ಭಾರಕ್ಕೇ ಬಾಗಿತು. ಸೈಕಲ್ ಅಂಗಡಿಯಿಂದ ನಾಲ್ಕು ಕಡ್ಡಿ ತಂದೆ, ಒಂದಕ್ಕೆ 5 ರೂಪಾಯಿ. ಕಡ್ಡಿಯ ದಪ್ಪವೂ 2 ಮಿಲಿಮೀಟರ್, ತೂತಿಗೆ ಬಿಗಿಯಾಗಿ ಕೂತಿತು. ಇಕ್ಕಳದಲ್ಲಿ ಮೇಲಕ್ಕೆ ಮಡಚಿ, ಐದು ಇಂಚು ಬಿಟ್ಟು ಕತ್ತರಿಸಿ, ತುದಿಯನ್ನು ಕತ್ತಿ ಮಸೆಯುವ ಕಲ್ಲಿಗೆ ಉಜ್ಜಿದೆ. ಚುಚ್ಚದ ಹಾಗೆ ತುದಿಗೆ ಹಳೇ ರೀಫಿಲ್ಲಿನ ತುಂಡು ತೊಡಿಸಿದೆ. ಗೋಡೆಗೆ ಹೊಡೆಯಲು ಮೊಳೆ 10 ರೂಪಾಯಿ.

ನಾಲ್ಕು ಕಂಬಿ: ಇವತ್ತು, ಕಾಯ್ತಾ ಇರೋದು, ತಾರೀಕಿನದು, ಮುಗಿದದ್ದು. ಹಳೇ ಪಟ್ಟಿಗಳ ಹಿಂಬದಿ ಕತ್ತರಿಸಿ ಚೀಟಿ. ಬಾಲ್ ಪೆನ್ನಿನಲ್ಲೇ ಬರೆಯಬೇಕು, ಜೆಲ್ ಪೆನ್ ಈ ತೇವಕ್ಕೆ ಹರಡುತ್ತದೆ.

ಮರುದಿನ, ಜುಲೈ 14ಕ್ಕೆ, ಶರಾವತಿ ಹಿನ್ನೀರಿನ ಮೇಲಿನ ಸೇತುವೆ ಉದ್ಘಾಟನೆ ಆಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಇನ್ನು ಲಾಂಚ್ ಕಾಯಬೇಕಾಗಿಲ್ಲ. ತುಮರಿಯ ಅಜ್ಜನ ನೆನಪಾಯಿತು. ಒಂದು ತಿಂಗಳ ಹಿಂದೆಯೇ ಆಗಿದ್ದರೆ ಅವರು ಅವತ್ತು ಮನೆಗೆ ಹೋಗುತ್ತಿದ್ದರು.

ಜುಲೈ 15ರಿಂದ 19: ಜಾಗ ತಪ್ಪಿತ್ತು

ಹಲಗೆಯನ್ನು ಕಂಪ್ಯೂಟರ್ ಪಕ್ಕ ಹೊಡೆದೆ. ಐದು ದಿನದಲ್ಲಿ ಬಂದಿದ್ದು ಆರೇ ಚೀಟಿ, ಆರೂ ನಾನೇ ಬರೆದದ್ದು. ಕೆಲಸ ಎಲ್ಲಿ ಹುಟ್ಟುತ್ತದೆ ಅಂತ ನೋಡಿದೆ. ನನ್ನ ಟೇಬಲ್ಲಿನಲ್ಲಿ ಅಲ್ಲ. ತೂಕದ ಯಂತ್ರದ ಹತ್ತಿರ. ರೈತರು ಚೀಲ ಇಳಿಸಿ, ಬೆವರು ಒರೆಸಿಕೊಳ್ಳುತ್ತಾ, "ಹೋದ ಸಲದ ಗೊರಬಲು ಅಡಿಕೆಯ ಪಟ್ಟಿ ಸಿಕ್ಕಿಲ್ಲ" ಅಂತ ಗುಮಾಸ್ತರಿಗೆ ಅಲ್ಲೇ ಹೇಳುತ್ತಾರೆ. ಅವರು ತಲೆಯಾಡಿಸುತ್ತಾರೆ. ಆ ಮಾತು ನನ್ನ ತನಕ ಬರುವಷ್ಟರಲ್ಲಿ ಕಳೆದುಹೋಗಿರುತ್ತದೆ.

19ಕ್ಕೆ ಹಲಗೆ ಕಿತ್ತು ತೂಕದ ಯಂತ್ರದ ಪಕ್ಕದ ಕಂಬಕ್ಕೆ ಹೊಡೆದೆ. ದಾರದಲ್ಲಿ ಪೆನ್ ಕಟ್ಟಿದೆ. ಮೊದಲು ಕಣ್ಣಿನ ಎತ್ತರಕ್ಕೆ ಹಾಕಿದ್ದೆ, ಮಧ್ಯಾಹ್ನವೇ ಹುಡುಗನ ಕೆನ್ನೆಗೆ ತರಚಿತು. ರೀಫಿಲ್ ತುಂಡು ಹಾಕಲು ಯಾರೋ ಮರೆತಿದ್ದರು. ಸಂಜೆಯೊಳಗೆ ಸೊಂಟದ ಎತ್ತರಕ್ಕೆ ಇಳಿಸಿ, ಕಡ್ಡಿಯ ತುದಿಗಳನ್ನು ಕಂಬದ ಕಡೆಗೆ ಬಗ್ಗಿಸಿದೆ. ಇದನ್ನು ಮೊದಲೇ ಯೋಚಿಸಬೇಕಿತ್ತು.

ಆಗಸ್ಟ್ 2: ಎರಡು ವಾರದ ಲೆಕ್ಕ

ಒಟ್ಟು 74 ಚೀಟಿ. ಮುಗಿದದ್ದು 65. ಉಳಿದ 9ರಲ್ಲಿ 6 ಕಾಯ್ತಾ ಇರುವ ಕಂಬಿಯಲ್ಲಿವೆ, ಎಲ್ಲವೂ ಪಾಸ್‌ಬುಕ್ ಜೆರಾಕ್ಸ್ ಬಾರದೆ ನಿಂತವು. ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಇದೇ ಕಂಬಿ. ಯಾರಿಂದ ಬರಬೇಕು, ಯಾವತ್ತಿನಿಂದ ಕಾಯ್ತಾ ಇದ್ದೇವೆ ಅಂತ ಚೀಟಿಯಲ್ಲೇ ಇರುತ್ತದೆ. ಯಾರಾದರೂ ಕೇಳಿದರೆ ಗುಮಾಸ್ತರೇ ತೆಗೆದು ಓದಿ ಹೇಳುತ್ತಾರೆ.

ಚೀಟಿ ಬರೆಯುವುದರಲ್ಲೂ ತಪ್ಪಿದ್ದೆ. ಮೊದಲ ವಾರ 'ಜಿಎಸ್‌ಟಿ' ಅಂತ ಒಂದೇ ಪದ ಬರೆದೆ. ಅದು ಮೂರು ದಿನ ಹಾಗೇ ನೇತಾಡಿತು, ಏನು ಮಾಡಬೇಕು ಅಂತ ಅದರಲ್ಲಿ ಇರಲೇ ಇಲ್ಲ. ಈಗ 'ಜುಲೈ ಬಿಲ್ಲುಗಳನ್ನು ಕೂಡಿಸಿ ಆಡಿಟರಿಗೆ ಕಳಿಸೋದು' ಅಂತ ಬರೆಯುತ್ತೇನೆ. ತಾರೀಕಿನ ಕಂಬಿಯಲ್ಲಿ ಪ್ರತಿ ತಿಂಗಳ ಚೀಟಿಗಳು ಖಾಯಂ ಇವೆ. 7ಕ್ಕೆ ಟಿಡಿಎಸ್ ತೆರಿಗೆ ಕಟ್ಟೋದು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ರಿಟರ್ನ್ ಹಾಕೋದು. ಮಳೆಗೆ ಕರೆಂಟು, ನೆಟ್ಟು ಎರಡೂ ಒಟ್ಟಿಗೆ ಹೋಗುವ ಊರು ನಮ್ಮದು. ಅದಕ್ಕೆ ಚೀಟಿಯ ಮೇಲೆ ಮೂರು ದಿನ ಮೊದಲಿನ ತಾರೀಕನ್ನೇ ದೊಡ್ಡದಾಗಿ ಬರೆದಿದ್ದೇನೆ. ಅಕ್ಟೋಬರ್ 14ರದ್ದೂ ಒಂದು ಚೀಟಿ ಇದೆ. ಅವತ್ತಿಗೆ ವಿಂಡೋಸ್ 10ರ ಅಪ್‌ಡೇಟ್ ನಿಲ್ಲುತ್ತದೆ. ಅಷ್ಟರೊಳಗೆ ಯಜಮಾನರ ಹತ್ತಿರ ಹೊಸ ಕಂಪ್ಯೂಟರ್ ವಿಷಯ ಮಾತಾಡಬೇಕು.

ಸಂಜೆ ಹೋಗುವ ಮೊದಲು ನೋಟ್‌ಪ್ಯಾಡ್ ತೆರೆದು ಎಫ್5 ಒತ್ತುತ್ತೇನೆ, ತಾರೀಕು ಸಮಯ ತಾನೇ ಬೀಳುತ್ತದೆ. ಅದರ ಕೆಳಗೆ ನಾಳೆ ಬೆಳಗ್ಗೆ ಮೊದಲು ಮಾಡಬೇಕಾದ ಒಂದೇ ಕೆಲಸ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಪಟ್ಟಿ ಇಷ್ಟೇ.

ಇಲ್ಲಿಯ ತನಕದ ಖರ್ಚು: ತಪ್ಪು ಸೆಲ್ 30, ಸರಿ ಸೆಲ್ 50, ಯುಪಿಎಸ್ ಬ್ಯಾಟರಿ 950, ಡಬ್ಬ 240, ಸೈಕಲ್ ಕಡ್ಡಿ 20, ಮೊಳೆ 10. ಒಟ್ಟು 1,300 ರೂಪಾಯಿ. ದಬ್ಬೆ ಮನೆಯದ್ದು.

ಆಗಸ್ಟ್ 16: ಇನ್ನೂ ಮುಗಿಯದ್ದು

ಹೆಸರು ಹುಡುಕಿದರೆ ಸಿಗದ ತೊಂದರೆ ಹಾಗೇ ಇದೆ. ರೈತರ ಹಳೇ ಪಟ್ಟಿ, 412 ಹೆಸರು, ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿದೆ. ಫಾಂಟ್ ಬದಲಾದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ನುಡಿಯನ್ನು ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ಇಡೀ ಹಾಳೆ ಹಾಕಿದೆ. ಇಂಗ್ಲಿಷಿನಲ್ಲಿದ್ದ ಇನಿಷಿಯಲ್‌ಗಳೆಲ್ಲ ಅರ್ಥವಿಲ್ಲದ ಕನ್ನಡ ಆದವು. ಮೂಲದ ಪ್ರತಿ ತೆಗೆದಿಟ್ಟಿದ್ದೆ, ಬಚಾವಾದೆ. ಎರಡನೇ ಸಲ ಹೆಸರು ಮತ್ತು ಊರಿನ ಕಾಲಮ್ ಮಾತ್ರ ಹಾಕಿದೆ. ಹೆಚ್ಚಿನವು ಚೆನ್ನಾಗಿ ಬಂದವು. ಅರ್ಕಾವತ್ತು ಇದ್ದಲ್ಲಿ ಕೆಲವು ಒಡೆದಿವೆ. ತ್ಯಾಗರ್ತಿ ಅನ್ನೋ ಊರು ಹೋಗಿ 'ತ್ಯಾಗತರ್ಿ' ಆಗಿದೆ.

ಯಂತ್ರಕ್ಕೆ ಬಿಟ್ಟರೆ ಜನರ ಹೆಸರು ಕೆಡುತ್ತದೆ. ಅದಕ್ಕೆ ದಿನಾ ಸಂಜೆ ಅರ್ಧ ಗಂಟೆ ಕೂತು ಒಂದೊಂದೇ ಓದುತ್ತೇನೆ, ಗುಮಾಸ್ತರು ಕೇಳಿಸಿಕೊಳ್ಳುತ್ತಾರೆ. ಅವರಿಗೆ ಪ್ರತಿ ಹೆಸರಿಗೂ ಮುಖ ಗೊತ್ತು. "ಅದು ದೀರ್ಘ ಅಲ್ಲ, ಅವರಪ್ಪ ಹ್ರಸ್ವ ಬರೀತಿದ್ರು" ಅಂತ ತಿದ್ದುತ್ತಾರೆ. ಮೂರು ಹೆಸರಿಗೆ "ಇವರು ಹೋಗಿಬಿಟ್ರು" ಅಂದರು. ಅವುಗಳನ್ನು ಅಳಿಸಲಿಲ್ಲ, ಪಕ್ಕದಲ್ಲಿ ಮಗನದೋ ಮಗಳದೋ ಹೆಸರು ಬರೆದುಕೊಂಡೆ. ಇವತ್ತಿಗೆ 186 ಆಗಿದೆ. ನಾಳೆ ಭಾನುವಾರ. ಸೋಮವಾರ 187ರಿಂದ ಅಂತ ಚೀಟಿ ಬರೆದು ಕಂಬಿಗೆ ಚುಚ್ಚಿ ಬಂದೆ.